ಹಿತ್ತಲ ಕಾಯಿ ಹಣ್ಣಾಗುವ ಬಗೆ

ಹಣ್ಣು ಎಂಬ ಮಾತಿಗೆ ಕನ್ನಡದಲ್ಲಿರುವಷ್ಟು ದೊಡ್ಡ ಸಂಸಾರ ಬೇರೆ ಮಾತುಗಳಿಗೆ ಅಪರೂಪ. ಹೂ ಉದುರಿದೊಡನೆ ಕಣ್ಣಿಗೆ ಬೀಳುವುದು ಹೀಚು. ಅದು ಬೆಳೆದರೆ ಮಿಡಿ, ಮುಂದೆ ಕಾಯಿ. ಕಾಯಿ ಬಲಿತು ಬಣ್ಣ ತಿರುಗುವ ಹೊತ್ತಿಗೆ ದೋರೆಗಾಯಿ, ಅನಂತರ ಹಣ್ಣು, ಹಣ್ಣು ತನ್ನ ಹದ ಮೀರಿದರೆ ಕಳಿತದ್ದು. ಅಷ್ಟಕ್ಕೆ ಮುಗಿಯುವುದಿಲ್ಲ. ಹಳದಿ ತಿರುಗಿ ಉದುರಲಿರುವ ಎಲೆ ನಮಗೆ ಹಣ್ಣೆಲೆ. ನರೆತ ಕೂದಲು ಹಣ್ಣಾದ ಕೂದಲು. ತುಂಬು ವಯಸ್ಸಿನವನು ಹಣ್ಣುಹಣ್ಣು ಮುದುಕ. ದುಡಿದು ಸೋತವನು ದುಡಿದು ಹಣ್ಣಾದವನು. ಪೆಟ್ಟು ತಿಂದವನು ಹಣ್ಣುಗಾಯಿ ನೀರುಗಾಯಿ. ಎಲೆಯ ಮುಪ್ಪು, ಕಾಯಿಯ ಮಾಗುವಿಕೆ, ಪೆಟ್ಟಿನ ಪರಿಣಾಮ ಇವೆಲ್ಲ ಒಂದೇ ಬೇರಿನವೆಂದು ನಮ್ಮ ನುಡಿ ಬಗೆದಂತಿದೆ. ಇದನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಸಸ್ಯಶಾಸ್ತ್ರಜ್ಞರು ಇದೇ ತೀರ್ಮಾನಕ್ಕೆ ಬರಲು ಎಷ್ಟು ಸುತ್ತು ಬಳಸಿದರೆಂಬುದನ್ನು ಮುಂದೆ ಹೇಳಲಿದ್ದೇನೆ.

ನಾನು ಇಂದು ಮಾತನಾಡುವುದು ಟೊಮ್ಯಾಟೊ ಹಣ್ಣಿನ ವಿಷಯ. ಅದರಲ್ಲಿಯೂ ಪೇಟೆಯದಲ್ಲ, ಹಿತ್ತಲಿನದು. ಇದು ಇತಿಹಾಸದ ವಿಷಯವೇ ಎಂದು ಯಾರಾದರೂ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಅರಸರ ದಿಗ್ವಿಜಯಗಳನ್ನು ಬರೆದಿಟ್ಟಷ್ಟು ಶ್ರದ್ಧೆಯಿಂದ ನಾವು ಒಲೆಯ ಮುಂದಿನ ಬದಲಾವಣೆಗಳನ್ನು ಬರೆದಿಟ್ಟವರಲ್ಲ. ಆದರೆ ನಮ್ಮ ಸಾರಿನ ಬಣ್ಣ ನಾಲ್ಕು ತಲೆಮಾರುಗಳೊಳಗೆ ಬದಲಾಗಿದೆ. ಹಾಗೆ ಬದಲಾಯಿಸಿದ ಹಣ್ಣು ನಮ್ಮದಲ್ಲ. ಅದನ್ನು ನಮ್ಮದು ಮಾಡಿಕೊಂಡ ಹೆಂಗಸರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಹಿರೇವಡ್ಡಟ್ಟಿ ಮುಂಡರಗಿ ತಾಲೂಕಿನ ಊರು. 1997ರಲ್ಲಿ ಗದಗ ಜಿಲ್ಲೆ ಬೇರೆಯಾಗುವವರೆಗೆ ಧಾರವಾಡ ಜಿಲ್ಲೆಯಲ್ಲಿದ್ದದ್ದು. ಕಪ್ಪತಗುಡ್ಡದ ಸೀಮೆ, ಎರೆಯ ಹೊಲ, ಅಲ್ಲಲ್ಲಿ ಮಸಾರಿ, ಜೋಳ, ಹತ್ತಿ, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ. ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಸಮೀಪದ ಡಂಬಳ ಒಂದು ಕಾಲಕ್ಕೆ ವರ್ತಕರ ದೊಡ್ಡ ಪಟ್ಟಣ. ಅಲ್ಲಿ ವರ್ತಕರು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುವ 1095ರ ಶಾಸನ ಇತಿಹಾಸದ ಅಭ್ಯಾಸಿಗಳಿಗೆಲ್ಲ ಗೊತ್ತು. ಆ ವರ್ತಕರ ಹೇರುಗಳಲ್ಲಿ ಏನೇನಿತ್ತೋ, ಟೊಮ್ಯಾಟೊ ಅಂತೂ ಇರಲಿಲ್ಲ. ಆಗ ಅದು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿತ್ತು.

ಇದೇ ಚಾಲುಕ್ಯರ ನಾಡಿನಲ್ಲಿ, ಜಯಸಿಂಹನ ಆಶ್ರಯದಲ್ಲಿ, ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ 'ಲೋಕೋಪಕಾರ'ವನ್ನು ಬರೆದ. ಅದರಲ್ಲಿ ವೃಕ್ಷಾಯುರ್ವೇದವೂ ಇದೆ, ಸೂಪಶಾಸ್ತ್ರವೂ ಇದೆ. ನೂರು ವರ್ಷಗಳ ಅನಂತರ ಸೋಮೇಶ್ವರನ 'ಮಾನಸೋಲ್ಲಾಸ' ಅರಸನ ಊಟವನ್ನು ವಿಸ್ತಾರವಾಗಿ ವರ್ಣಿಸಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಗಾಗಿಯೇ ಒಂದು ಕಾವ್ಯ ಬರೆದ. ಈ ಮೂರರಲ್ಲಿಯೂ ಟೊಮ್ಯಾಟೊ ಇಲ್ಲ, ಇರಲು ಸಾಧ್ಯವೂ ಇಲ್ಲ. ಮೆಣಸಿನಕಾಯಿಯೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಹುಳಿಗೆ ಹುಣಸೆ, ಮಜ್ಜಿಗೆ, ಮಾವಿನಕಾಯಿ, ನಿಂಬೆ, ನೆಲ್ಲಿ. ಇಷ್ಟು ಹುಳಿಗಳಿದ್ದ ನಾಡಿಗೆ ಆರನೆಯ ಹುಳಿಯೊಂದು ಬೇಕಾಗಿತ್ತೇ ಎಂಬುದು ನ್ಯಾಯವಾದ ಪ್ರಶ್ನೆ.

ಟೊಮ್ಯಾಟೊವಿನ ತವರು ದಕ್ಷಿಣ ಅಮೆರಿಕದ ಪಡುವಣ ಕರಾವಳಿ, ಆಂಡೀಸ್ ಪರ್ವತದ ಮಗ್ಗುಲು. ಅಲ್ಲಿ ಅದು ಬಟಾಣಿ ಗಾತ್ರದ ಕಾಡುಕಾಯಿ. ಅದನ್ನು ಊರಿನ ಬೆಳೆ ಮಾಡಿ ಹಿಗ್ಗಿಸಿದವರು ಮೆಕ್ಸಿಕೋದ ಜನ. ಹೆಸರು ಬಂದದ್ದೂ ಅವರ ನಾವಾತ್ಲ್ ಭಾಷೆಯಿಂದ. 1521ರಲ್ಲಿ ಆ ರಾಜ್ಯ ಸ್ಪೇನಿನವರ ಕೈಗೆ ಬಿದ್ದ ಮೇಲೆ ಬೀಜ ಕಡಲು ದಾಟಿತು. 1544ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ಇದನ್ನು ಬದನೆಯ ಬಳಗದ ಹೊಸ ಕಾಯಿಯೆಂದು ವರ್ಣಿಸಿದ. ಮುಂದೆ ಅಲ್ಲಿಯ ಜನ ಅದನ್ನು ಚಿನ್ನದ ಸೇಬು ಎಂದು ಕರೆದರು. ಬಡಗಣ ಯುರೋಪಿನಲ್ಲಿ ಬಹುಕಾಲ ಇದನ್ನು ವಿಷವೆಂದು ನಂಬಿ ಅಂದಕ್ಕಾಗಿ ಕುಂಡದಲ್ಲಿ ಬೆಳೆಸಿದವರೇ ಹೆಚ್ಚು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಅಂಟಿದ್ದ ಒಂದು ಹೆಸರಿನ ಅರ್ಥ ತೋಳದ ಪೀಚು. 1893ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸುಂಕದ ಮೊಕದ್ದಮೆಯೊಂದರಲ್ಲಿ ಇದು ಹಣ್ಣಲ್ಲ, ತರಕಾರಿ ಎಂದು ತೀರ್ಪಿತ್ತಿತು. ಹಣ್ಣೋ ಕಾಯಿಯೋ ಎಂದು ಕೋರ್ಟಿಗೆ ಹೋದ ಪದಾರ್ಥ ಬೇರೆ ಯಾವುದಿದೆಯೋ!

ನಮ್ಮ ದೇಶಕ್ಕೆ ಬಂದ ಮೇಲೂ ಇದು ಬಹುಕಾಲ ದೊರೆಗಳ ತೋಟದ ಗಿಡವಾಗಿಯೇ ಇತ್ತು. ಬಂಗಾಳಿಗಳು ವಿಲಾಯತಿ ಬದನೆ ಎಂದರು, ತೆಲುಗರು ರಾಮಮುಲಗ ಎಂದರು. ಕೊನೆಗೆ ಎಲ್ಲ ಹೆಸರುಗಳೂ ಸೋತು ಪರದೇಶದ ಹೆಸರೇ ಗೆದ್ದಿತು. ನಮ್ಮ ಕಡೆ ಅದು ಟಮಾಟಿ.

ಇಲ್ಲಿ ನನಗೆ ಬಹುದಿನಗಳಿಂದ ಕಾಡಿದ ಒಂದು ಸಂಗತಿಯಿದೆ. ಮೆಣಸಿನಕಾಯಿಯೂ ಅದೇ ಅಮೆರಿಕದಿಂದ, ಅದೇ ಹಡಗುಗಳಲ್ಲಿ ಬಂದದ್ದು. ಅದೂ ಬದನೆಯ ಬಳಗದ್ದೇ. ಅದು ಬಂದವರ್ಷವೇ ಎಂಬಂತೆ ನಮ್ಮ ಹೊಲಗಳನ್ನು ಹಿಡಿಯಿತು. ಬ್ಯಾಡಗಿಯಂಥ ಊರಿಗೆ ತನ್ನಿಂದಲೇ ಕೀರ್ತಿ ತಂದಿತು. ಅದರ ಸೋದರನಾದ ಟೊಮ್ಯಾಟೊ ಮಾತ್ರ ಮುನ್ನೂರು ವರ್ಷ ಬಾಗಿಲ ಹೊರಗೆ ನಿಂತಿತ್ತು. ಯಾಕೆ? ವಿದೇಶದ್ದೆಂಬ ಶಂಕೆ ಒಂದು ಕಾರಣವಿದ್ದೀತು. ಇಂದಿಗೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಅದು ನಿಷಿದ್ಧ. ಆದರೆ ನನಗೆ ಮುಖ್ಯವೆಂದು ತೋರುವ ಕಾರಣ ಬೇರೆ. ನಮ್ಮದು ಕೂಡಿಟ್ಟು ಉಣ್ಣುವ ನಾಡು. ಜೋಳ ಹಗೆಯಲ್ಲಿ, ಹುಣಸೆ ಗಡಿಗೆಯಲ್ಲಿ, ಮೆಣಸಿನಕಾಯಿ ಒಣಗಿ ಚೀಲದಲ್ಲಿ. ಬರ ಬಂದರೂ ಒಂದು ವರ್ಷ ನೂಕಬೇಕು. ಅಂಥ ಮನೆಗೆ ಇವತ್ತು ಹಣ್ಣಾಗಿ ನಾಡಿದ್ದು ಕೊಳೆಯುವ ಪದಾರ್ಥ ಯಾವ ಉಪಯೋಗಕ್ಕೆ? ಮೆಣಸಿನಕಾಯಿ ಕಾಯುತ್ತದೆ, ಟೊಮ್ಯಾಟೊ ಕಾಯುವುದಿಲ್ಲ. ಹಣ್ಣಾಗುವ ವೇಳೆಯನ್ನು ಹಿಡಿತಕ್ಕೆ ತಂದುಕೊಂಡ ಮೇಲೆಯೇ ಅದು ನಮ್ಮ ಅಡುಗೆಮನೆಗೆ ಬಂದದ್ದು.

ನನ್ನ ಆಯಿಯ ಅಡುಗೆಯಲ್ಲಿ ಟೊಮ್ಯಾಟೊ ಇರಲಿಲ್ಲ. ನನ್ನ ಅವ್ವನ ಅಡುಗೆಯಲ್ಲಿ ಇತ್ತು. ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಬಾಳೆ, ಅದರ ಬದಿಗೆ ಬದನೆ, ಬದನೆಯ ಸಾಲಿನ ತುದಿಗೆ ನಾಲ್ಕು ಟೊಮ್ಯಾಟೊ ಗಿಡ. ಮಾಘ ಕಳೆದು ಬಿಸಿಲು ಬಲಿತಂತೆ ಕಾಯಿ ಕೆಂಪಾಗುವುದು ನಿಲ್ಲುತ್ತಿತ್ತು. ಗಾತ್ರ ತುಂಬುವುದು, ಹಳದಿಗೆ ತಿರುಗುವುದು, ಕಿತ್ತಳೆಯಷ್ಟಕ್ಕೆ ಬಂದು ಅಲ್ಲಿಯೇ ತಡೆಯುವುದು. ಬಿಸಿಲಿಗೆ ಮುಖಮಾಡಿದ ಮಗ್ಗುಲು ಬೆಂದು ಬೆಳ್ಳಗಾಗುವುದು. ಇನ್ನಷ್ಟು ಬಿಸಿಲು ಬೇಕೇನೋ ಎಂದು ಅವ್ವ ಕಾಯಿಗಳನ್ನು ಕಿತ್ತು ಮಾಳಿಗೆಯ ಮೇಲೆ ಹರವಿದಳು. ಆಯಿ ಟೊಮ್ಯಾಟೊ ಬೆಳೆದವಳಲ್ಲ, ಆದರೆ ಮಾವು ಮತ್ತು ಸೀತಾಫಲಗಳನ್ನು ಬಲ್ಲವಳು. ಅವಳು ಸೊಸೆಗೆ ಹೇಳಿದ್ದು ಇಷ್ಟು: “ಯವ್ವಾ, ಬಿಸಿಲಾಗ ಇಟ್ರ ಅದು ಹಣ್ಣಾಗೂದಿಲ್ಲ, ಬೇಯತೈತಿ. ಒಳಗ ಕತ್ತಲ್ದಾಗ ಇಡು. ನಡುವ ಒಂದು ಹಣ್ಣ ಹಾಕು.”

“ಹೂನ್ರಿ ಅತ್ತಿ” ಎಂದು ಅವ್ವ ಒಂದು ಬುಟ್ಟಿಗೆ ಹುಲ್ಲು ಹಾಸಿ, ದೋರೆಗಾಯಿಗಳನ್ನು ಒಂದಕ್ಕೊಂದು ತಾಗದಂತೆ ಇರಿಸಿ, ನಡುವೆ ಒಂದು ಬಾಳೆಹಣ್ಣು ಇಟ್ಟು, ಮೇಲೆ ಹಳೆಯ ಸೀರೆಯ ತುಂಡು ಹೊದಿಸಿ ಪಡಸಾಲೆಯ ಮೂಲೆಗೆ ಸರಿಸಿದಳು. ಐದಾರು ದಿನಗಳಲ್ಲಿ ಬುಟ್ಟಿ ಕೆಂಪಾಯಿತು. ಗಿಡದ ಮೇಲೆ ಬಿಟ್ಟವು ಕಿತ್ತಳೆಯಾಗಿಯೇ ಉಳಿದಿದ್ದವು.

ಕನ್ನಡದಲ್ಲಿ ಈ ಕೆಲಸಕ್ಕೆ ಅಡೆ ಹಾಕುವುದು ಎಂದು ಹೆಸರು; ನಮ್ಮ ಕಡೆಯವರ ಬಾಯಲ್ಲಿ ಅಡಿ ಹಾಕೂದು. ಮಾವಿಗೆ ಹುಲ್ಲು, ಸೀತಾಫಲಕ್ಕೆ ಕಾಳಿನ ರಾಶಿ, ಬಾಳೆಗೊನೆಗೆ ಮುಚ್ಚಿದ ಕೋಣೆಯಲ್ಲಿ ಹೊಗೆ. ಮಾವಿಗಾಗಿ ಕಲಿತ ವಿದ್ಯೆ ಪರದೇಶದ ಕಾಯಿಗೂ ಸಂದಿತು. ಇದರಲ್ಲಿ ಮೂರು ಪ್ರತ್ಯೇಕ ತಿಳಿವಳಿಕೆಗಳಿವೆ. ಹಣ್ಣಾಗಲು ಬಿಸಿಲು ಬೇಡ; ಹಣ್ಣಾದದ್ದು ಹಣ್ಣಾಗದ್ದನ್ನು ಹಣ್ಣು ಮಾಡುತ್ತದೆ; ಅದಕ್ಕೆ ಮುಚ್ಚಿಗೆ ಬೇಕು. ಈ ಮೂರನ್ನೂ ಪ್ರಯೋಗಾಲಯಗಳು ಹೇಗೆ ಕಂಡುಕೊಂಡವೆಂಬ ಕಥೆ ನಿಜಕ್ಕೂ ಸೊಗಸಾದದ್ದು.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಬೀದಿಗಳಲ್ಲಿ ಕಲ್ಲಿದ್ದಲಿನ ಅನಿಲದಿಂದ ದೀಪ ಉರಿಯುತ್ತಿತ್ತು. ಕೊಳವೆ ಎಲ್ಲಿ ಸೋರುತ್ತಿತ್ತೋ ಅಲ್ಲಿಯ ಸಾಲುಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. 1864ರಲ್ಲಿ ಗಿರಾರ್ಡಿನ್ ಎಂಬಾತ ಇದನ್ನು ಬರೆದಿಟ್ಟ. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೆಲ್ಯುಬೋವ್ ಎಂಬ ತರುಣನಿಗೆ ತಾನು ಬೆಳೆಸಿದ ಬಟಾಣಿ ಸಸಿಗಳು ಪ್ರಯೋಗಾಲಯದಲ್ಲಿ ನೆಟ್ಟಗೆ ಬೆಳೆಯದೆ ಅಡ್ಡಡ್ಡ ಮಲಗುವುದು ಒಗಟಾಯಿತು. ಹೊರಗಿನ ಗಾಳಿಯಲ್ಲಿಟ್ಟರೆ ಅವೇ ಸಸಿಗಳು ನೆಟ್ಟಗೆ. ದೀಪದ ಅನಿಲವನ್ನು ಬಿಡಿಸುತ್ತ ಬಿಡಿಸುತ್ತ ಹೋಗಿ, ಅದರಲ್ಲಿಯ ಎಥಿಲೀನ್ ಎಂಬ ಬಣ್ಣವಿಲ್ಲದ ಅನಿಲವೇ ಇದನ್ನು ಮಾಡುತ್ತದೆಂದು ಅವನು ತೋರಿಸಿದ. ಅದು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗವಿದ್ದರೂ ಸಾಕು, ಗಿಡಕ್ಕೆ ತಿಳಿಯುತ್ತದೆ.

ಅತ್ತ ಕ್ಯಾಲಿಫೋರ್ನಿಯದ ನಿಂಬೆಯ ಬೆಳೆಗಾರರು ಹಸಿರು ನಿಂಬೆಯನ್ನು ಹಳದಿ ಮಾಡಲು ಕೋಣೆಯಲ್ಲಿ ಸೀಮೆಎಣ್ಣೆಯ ಒಲೆ ಹಚ್ಚಿಡುತ್ತಿದ್ದರು. ನಮ್ಮ ಕಡೆ ಚಿಮಣಿ ಎಣ್ಣೆ ಎನ್ನುವುದು ಇದಕ್ಕೇ. ಶಾಖದಿಂದ ಹಳದಿಯಾಗುತ್ತದೆ ಎಂಬುದು ಅವರ ನಂಬಿಕೆ. ಶುಚಿಯಾದ ಬೇರೆ ಶಾಖ ಬಂದಾಗ ಒಲೆಗಳನ್ನು ತೆಗೆದುಹಾಕಿದರು; ನಿಂಬೆ ಹಳದಿಯಾಗುವುದು ನಿಂತಿತು! 1924ರಲ್ಲಿ ಫ್ರಾಂಕ್ ಡೆನ್ನಿ ಎಂಬ ವಿಜ್ಞಾನಿ ಪ್ರಕಟಿಸಿದ: ಕೆಲಸ ಮಾಡುತ್ತಿದ್ದುದು ಶಾಖವಲ್ಲ, ಒಲೆಯ ಹೊಗೆಯಲ್ಲಿದ್ದ ಎಥಿಲೀನ್. ನಮ್ಮ ಬಾಳೆಯ ವ್ಯಾಪಾರಿ ಹೊಗೆ ಹಾಕುತ್ತಿದ್ದುದು ಯಾಕೆಂಬುದಕ್ಕೆ ಉತ್ತರ ಅಲ್ಲಿ ದೊರೆಯಿತು. ಹತ್ತು ವರ್ಷಗಳ ಅನಂತರ, 1934ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಗೇನ್ ಇನ್ನೂ ದೊಡ್ಡ ಮಾತನ್ನು ಸಿದ್ಧಪಡಿಸಿದ. ಈ ಅನಿಲ ಹೊಗೆಯಿಂದ ಮಾತ್ರ ಬರುವುದಲ್ಲ. ಮಾಗುತ್ತಿರುವ ಸೇಬು ತಾನೇ ಅದನ್ನು ಉಸಿರುತ್ತದೆ. ಬುಟ್ಟಿಯ ನಡುವಿನ ಬಾಳೆಹಣ್ಣು ತನ್ನ ಸುತ್ತಲಿನ ಕಾಯಿಗಳಿಗೆ ಏನು ಹೇಳುತ್ತದೆಂಬುದು ಹೀಗೆ ಹೊರಬಿದ್ದಿತು. ಎಥಿಲೀನ್ ತಾಗಿದ ಬಲಿತ ಕಾಯಿ ತಾನೂ ಎಥಿಲೀನ್ ಹೊರಡಿಸತೊಡಗುತ್ತದೆ. ಅದು ಇನ್ನೊಂದಕ್ಕೆ ತಾಗುತ್ತದೆ. ಮುಚ್ಚಿದ ಬುಟ್ಟಿಯಲ್ಲಿ ಅನಿಲ ನಿಲ್ಲುತ್ತದೆ, ಬಯಲಿನಲ್ಲಿ ಹಾರಿಹೋಗುತ್ತದೆ. ಗಿಡ ಇದನ್ನು ಯಾವ ಮೂಲವಸ್ತುವಿನಿಂದ ಹೆಣೆಯುತ್ತದೆಂಬುದನ್ನು 1979ರಲ್ಲಿ ಆಡಮ್ಸ್ ಮತ್ತು ಯಾಂಗ್ ಬಿಡಿಸಿಟ್ಟರು.

ಎಲೆ ಉದುರಿಸುವುದೂ ಇದೇ ಅನಿಲ, ಕಾಯಿ ಮಾಗಿಸುವುದೂ ಇದೇ. ಗಿಡಕ್ಕೆ ಗಾಯವಾದರೆ ಹೊರಡುವುದೂ ಇದೇ. ಪ್ರಾಚೀನ ಈಜಿಪ್ಟಿನವರು ಒಂದು ಜಾತಿಯ ಅತ್ತಿಹಣ್ಣನ್ನು ಚೂರಿಯಿಂದ ಗೀರಿ ಮಾಗಿಸುತ್ತಿದ್ದರು. ಹಣ್ಣೆಲೆ, ಹಣ್ಣು, ಹಣ್ಣುಗಾಯಿ ನೀರುಗಾಯಿ ಎಂಬ ಮಾತುಗಳನ್ನು ಆರಂಭದಲ್ಲಿ ಎತ್ತಿದ್ದು ಇದಕ್ಕಾಗಿಯೇ. ನಮ್ಮ ಹಿರಿಯರಿಗೆ ಎಥಿಲೀನ್ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಕಣ್ಣಿಟ್ಟು ನೋಡಿದ ಜನ ಒಂದರಂತೆ ಕಂಡದ್ದಕ್ಕೆ ಒಂದೇ ಹೆಸರಿಟ್ಟರು, ಅಷ್ಟೇ.

ಇನ್ನು ಬಿಸಿಲಿನ ಮಾತು. ಹಸಿರು ಕಾಯಿ ಕೆಂಪಾಗುವಾಗ ಎರಡು ಕೆಲಸ ನಡೆಯುತ್ತವೆ. ಎಲೆಹಸಿರು ಕರಗುತ್ತದೆ, ಲೈಕೋಪೀನ್ ಎಂಬ ಕೆಂಬಣ್ಣ ಕಟ್ಟುತ್ತದೆ. 1913ರಲ್ಲಿ ಅಮೆರಿಕದ ಬೆಂಜಮಿನ್ ಡಗರ್ ಟೊಮ್ಯಾಟೊಗಳನ್ನು ಬೇರೆ ಬೇರೆ ಶಾಖದಲ್ಲಿಟ್ಟು ನೋಡಿದ. ಮೂವತ್ತು ಡಿಗ್ರಿ ಸೆಲ್ಸಿಯಸ್ ಮೀರಿದರೆ ಕೆಂಬಣ್ಣ ಕಟ್ಟುವುದಿಲ್ಲ, ಹಳದಿ ಬಣ್ಣಗಳಷ್ಟೇ ಉಳಿಯುತ್ತವೆ. ಅದೇ ಹಣ್ಣನ್ನು ತಂಪಿಗೆ ತಂದರೆ ಮತ್ತೆ ಕೆಂಪು ಕಟ್ಟುತ್ತದೆ. ಇದೇ ಡಗರ್ ಮುಂದೆ ಮುಪ್ಪಿನಲ್ಲಿ, 1948ರಲ್ಲಿ, ಆರಿಯೋಮೈಸಿನ್ ಎಂಬ ಜೀವರಕ್ಷಕ ಔಷಧವನ್ನು ಲೋಕಕ್ಕೆ ಕೊಟ್ಟವನು. ಆದರೆ ಮುಂಡರಗಿಯ ಸೀಮೆಯವರಿಗೆ ಅವನ ಹಳೆಯ ಪ್ರಯೋಗವೇ ಹೆಚ್ಚು ಉಪಯುಕ್ತ. ನಮ್ಮಲ್ಲಿ ಏಪ್ರಿಲಿನ ಹಗಲು ಮೂವತ್ತೇಳು ಮೂವತ್ತೆಂಟು ಡಿಗ್ರಿ ಮುಟ್ಟುವುದು ಸಾಮಾನ್ಯ. ಗಿಡದ ಮೇಲಿನ ಕಾಯಿ ಕಿತ್ತಳೆಯಲ್ಲಿ ನಿಂತುಬಿಡುವುದಕ್ಕೆ ಬೀಜದ ದೋಷವಾಗಲಿ ಗೊಬ್ಬರದ ಕೊರತೆಯಾಗಲಿ ಕಾರಣವಲ್ಲ. ಮಣ್ಣಿನ ಮಾಳಿಗೆಯ ಮನೆಯೊಳಗೆ, ದಪ್ಪ ಗೋಡೆಯ ಮೂಲೆಯಲ್ಲಿ ಅಷ್ಟು ಶಾಖವಿಲ್ಲ. ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿ ಇದಕ್ಕೆ ಹೇಳಿ ಮಾಡಿಸಿದ ಹದ. ಬೇಸಗೆಯಲ್ಲಿ ಅಷ್ಟು ತಂಪು ಸಿಗದಿದ್ದರೂ ಮನೆಯ ಒಳಗು ಹೊರಗಿಗಿಂತ ಎಷ್ಟೋ ವಾಸಿ. ಸಿಮೆಂಟಿನ ಸ್ಲ್ಯಾಬಿನ ಮನೆಗಳು ಬಂದ ಮೇಲೆ ಆ ಮೂಲೆ ಹೋಯಿತು. ಮನೆಯ ಮಾಡು ಬದಲಾದರೆ ಹಣ್ಣಿನ ಬಣ್ಣವೂ ಬದಲಾಗುತ್ತದೆಂದು ಕಟ್ಟಿದವರು ಎಣಿಸಿರಲಾರರು.

ಶೀತಪೆಟ್ಟಿಗೆ ಇದಕ್ಕೆ ಪರಿಹಾರವಲ್ಲ. ಟೊಮ್ಯಾಟೊ ಬಿಸಿಲ ನಾಡಿನದು, ಹತ್ತು ಡಿಗ್ರಿಗಿಂತ ಕೆಳಗೆ ಅದರ ಒಡಲು ಕೆಡುತ್ತದೆ. ಅಲ್ಲಿಟ್ಟ ಹಸಿರು ಕಾಯಿ ಮತ್ತೆ ಸರಿಯಾಗಿ ಮಾಗುವುದಿಲ್ಲ. ಮಾಗಿದ ಹಣ್ಣನ್ನೂ ಒಂದು ವಾರ ಐದು ಡಿಗ್ರಿಯಲ್ಲಿಟ್ಟರೆ ಪರಿಮಳದ ದ್ರವ್ಯಗಳನ್ನು ತಯಾರಿಸುವ ಅದರ ಶಕ್ತಿ ಕುಂದುತ್ತದೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಎಳೆಗಾಯಿಯನ್ನು ಅಡೆ ಹಾಕಿದರೂ ಫಲವಿಲ್ಲ. ಒಂದು ಕಾಯಿಯನ್ನು ಹರಿತವಾದ ಚೂರಿಯಿಂದ ಕೊಯ್ದು ನೋಡಿ. ಬೀಜ ತುಂಡಾದರೆ ಅದು ಎಳೆಯದು. ಒಳಗೆ ಲೋಳೆ ತುಂಬಿ ಬೀಜಗಳು ಚೂರಿಗೆ ಸಿಗದೆ ಜಾರಿದರೆ ಅದು ಬಲಿತದ್ದು, ಜೊತೆಯವು ತಾವಾಗಿ ಮಾಗುತ್ತವೆ. ಅಮೆರಿಕದ ಕೃಷಿ ಇಲಾಖೆ ಈ ಹಣ್ಣಿನ ಬಣ್ಣಕ್ಕೆ ಆರು ಮೆಟ್ಟಿಲುಗಳನ್ನು ಗೊತ್ತುಮಾಡಿದೆ. ಅದರಲ್ಲಿ ಎರಡನೆಯದು, ತುದಿಯಲ್ಲಿ ಮೊದಲ ಬಣ್ಣ ಮೂಡಿದ್ದು, ನಮ್ಮ ದೋರೆಗಾಯಿಯೇ. ಅಲ್ಲಿಂದ ಮುಂದೆ ಗಿಡದ ಹಂಗು ಅದಕ್ಕೆ ಬೇಕಾಗಿಲ್ಲ.

ಗಿಡದ ಹಂಗು ಬೇಡವೆಂಬ ಈ ಒಂದು ಸಂಗತಿಯ ಮೇಲೆಯೇ ಪೇಟೆ ನಿಂತಿದೆ. 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಸ್ಥಾಪಿಸಿದರು. ದೇಶದ ಸಹಕಾರ ಚಳವಳಿಯ ಆರಂಭವನ್ನು ಅಲ್ಲಿಂದ ಎಣಿಸುತ್ತಾರೆ. ಹಿಂದೆಯೇ ಹತ್ತಿಯ ಮಾರಾಟಕ್ಕೂ ಸಂಘಗಳು ಬಂದವು. ಹತ್ತಿಯನ್ನು ಅಂಡಿಗೆ ಕಟ್ಟಿ, ದರ ಬರುವವರೆಗೆ ತಡೆದಿಡಬಹುದು. ತಡೆದಿಡಬಲ್ಲವನು ದಲಾಲನ ಎದುರು ತಲೆಯೆತ್ತಿ ನಿಲ್ಲುತ್ತಾನೆ. ಟೊಮ್ಯಾಟೊ ಬೆಳೆದವನಿಗೆ ಆ ಭಾಗ್ಯವಿಲ್ಲ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋದ ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿತು; ಬೇರೆ ಸುಗ್ಗಿಗಳಲ್ಲಿ ಕಿಲೋಗೆ ಒಂದೆರಡು ರೂಪಾಯಿಯೂ ಹುಟ್ಟದೆ ರೈತರು ರಸ್ತೆಯ ಬದಿಗೆ ಸುರಿದು ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಸುರಿದದ್ದು ಕೆಟ್ಟ ಹಣ್ಣಲ್ಲ, ಒಳ್ಳೆಯ ಹಣ್ಣು. ಅದರ ದೋಷ ಇಷ್ಟೇ: ಅದು ಆ ವಾರ ಹಣ್ಣಾಗಿತ್ತು. ಮೂರು ದಿನ ತಡೆಯಬಲ್ಲ ಕಾಯಿಯಾದರೆ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋದೀತು.

ಆದ್ದರಿಂದ ತಡವಾಗಿ ಹಣ್ಣಾಗುವ ತಳಿಗಾಗಿ ಜಗತ್ತೆಲ್ಲ ಹುಡುಕಿತು. 1968ರಲ್ಲಿ ರಾಬಿನ್ಸನ್ ಮತ್ತು ಟೋಮ್ಸ್ ಎಂಬವರು ಎಂದಿಗೂ ಹಣ್ಣಾಗದ ಒಂದು ಟೊಮ್ಯಾಟೊ ಗಿಡವನ್ನು ವರ್ಣಿಸಿದರು. ಅದರ ಗುಣಕ್ಕೆ ರಿನ್ ಎಂದು ಹೆಸರಾಯಿತು. ಅದನ್ನು ಒಳ್ಳೆಯ ತಳಿಯೊಡನೆ ಕೂಡಿಸಿದರೆ ವಾರಗಟ್ಟಲೆ ಕೆಡದ ಗಟ್ಟಿಹಣ್ಣು ಬರುತ್ತದೆ, ರುಚಿ ಸ್ವಲ್ಪ ಹಿಂದೆ ಬೀಳುತ್ತದೆ. 1994ರಲ್ಲಿ ಅಮೆರಿಕದ ಪೇಟೆಗೆ ಬಂದ, ವಂಶವಾಹಿಯನ್ನೇ ತಿದ್ದಿದ ಟೊಮ್ಯಾಟೊ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ನಮ್ಮಲ್ಲಿ 1967ರಲ್ಲಿ ಸ್ಥಾಪನೆಯಾಗಿ ಹೆಸರಘಟ್ಟದಲ್ಲಿ ನೆಲೆನಿಂತ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಸೌರಭ, ಅರ್ಕಾ ವಿಕಾಸ್‌ಗಳನ್ನೂ ಮುಂದೆ ಮೂರು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್ ತಳಿಯನ್ನೂ ಕೊಟ್ಟಿತು. ಇದು ರೈತನ ಬೆನ್ನಿಗೆ ನಿಂತ ಕೆಲಸ. ರುಚಿಯ ಹೆಸರಿನಲ್ಲಿ ಇದನ್ನು ಹಳಿಯುವ ಪಟ್ಟಣಿಗರ ಮಾತಿಗೆ ನನ್ನ ಸಮ್ಮತಿಯಿಲ್ಲ.

ಹಳಿಯಬೇಕಾದದ್ದು ಬೇರೆ ಇದೆ. ಕ್ಯಾಲ್ಸಿಯಂ ಕಾರ್ಬೈಡಿನ ಹರಳಿಗೆ ತೇವ ತಾಗಿದರೆ ಅಸಿಟಿಲೀನ್ ಹೊರಡುತ್ತದೆ. ಒಂದು ಕಾಲಕ್ಕೆ ಸೈಕಲ್ಲಿನ ದೀಪದಲ್ಲಿ, ಗಣಿಗಾರರ ದೀಪದಲ್ಲಿ ಉರಿಯುತ್ತಿದ್ದುದು ಅದೇ. ಅದು ಎಥಿಲೀನಿನ ವೇಷ ಹಾಕಬಲ್ಲದು, ಕಾಯಿಯ ಸಿಪ್ಪೆಗೆ ಬಣ್ಣ ಬರಿಸಬಲ್ಲದು. ಆದರೆ ಕಾರ್ಖಾನೆಯ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ವಿಷದ ಅಂಶಗಳಿರುತ್ತವೆ. ಇದರಿಂದ ಹಣ್ಣು ಮಾಗಿಸುವುದಕ್ಕೆ ಹಿಂದಿನ ಕಲಬೆರಕೆ ತಡೆ ನಿಯಮಗಳಲ್ಲಿಯೇ ನಿಷೇಧವಿತ್ತು. 2011ರ ಆಹಾರ ಸುರಕ್ಷತೆಯ ನಿಯಮಾವಳಿ ಅದನ್ನು ಮುಂದುವರಿಸಿತು. 2016ರಲ್ಲಿ ಎಥಿಲೀನ್ ಅನಿಲವನ್ನು ಹತ್ತು ಲಕ್ಷಕ್ಕೆ ನೂರು ಭಾಗದವರೆಗೆ ಬಳಸಲು ಅನುಮತಿ ದೊರೆಯಿತು. ಅಂದರೆ ಬುಟ್ಟಿಯ ಬಾಳೆಹಣ್ಣಿನ ಕೆಲಸವನ್ನೇ ದೊಡ್ಡ ಕೋಣೆಯಲ್ಲಿ ಮಾಡುವುದು. ಕಾರ್ಬೈಡಿನ ಪೊಟ್ಟಣ ಮಾವಿನ ಬುಟ್ಟಿಗಳಲ್ಲಿ ಇನ್ನೂ ಸಿಕ್ಕಿಬೀಳುತ್ತಿರುವುದು ಅಜ್ಞಾನದಿಂದಲ್ಲ, ಎರಡು ದಿನದ ಅವಸರದಿಂದ. ಮಗುವಿನ ಕೈಗೆ ಹಣ್ಣು ಕೊಡುವ ತಾಯಿಗೆ ಅದು ಯಾವ ಬುಟ್ಟಿಯದೆಂದು ತಿಳಿಯುವ ದಾರಿಯೇ ಇಲ್ಲದಿ­ರುವುದು ನನಗೆ ಇದರಲ್ಲಿ ಕ್ರೂರವೆಂದು ತೋರುವ ಭಾಗ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹಗುರವಾಗಿ ಆಡುತ್ತೇವೆ. 2012ರಲ್ಲಿ ಟೊಮ್ಯಾಟೊವಿನ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟವಾಯಿತು. ಹನ್ನೆರಡು ವರ್ಣತಂತುಗಳಲ್ಲಿ ಐದನೆಯದನ್ನು ಓದುವ ಹೊಣೆ ಭಾರತದ ವಿಜ್ಞಾನಿಗಳದಾಗಿತ್ತು. ಅದೇ ವರ್ಷ ಇನ್ನೊಂದು ಸಂಶೋಧನೆ ಬಂದಿತು. ಹಳೆಯ ತಳಿಗಳ ಕಾಯಿಗೆ ತೊಟ್ಟಿನ ಸುತ್ತ ಕಡುಹಸಿರು ಹೆಗಲು ಇರುತ್ತಿತ್ತು. ಅದು ಹಣ್ಣಾದ ಮೇಲೂ ಸ್ವಲ್ಪ ಗಡುಸಾಗಿ, ಹಳದಿಯಾಗಿ ಉಳಿಯುವುದುಂಟು. ಪೇಟೆಗೆ ಅದು ಸೇರದು. ಎಪ್ಪತ್ತು ವರ್ಷ ತಳಿಗಾರರು ಒಂದೇ ಸಮನೆ ಬಣ್ಣ ತಿರುಗುವ ಕಾಯಿಗಳನ್ನೇ ಆರಿಸುತ್ತ ಬಂದರು. ಹಾಗೆ ಆರಿಸುವಾಗ ಕೈಬಿಟ್ಟುಹೋದದ್ದು ಕಾಯಿಯೊಳಗೇ ಸಕ್ಕರೆ ಕಟ್ಟಲು ನೆರವಾಗುವ ಒಂದು ವಂಶವಾಹಿ ಎಂದು ಈಗ ತಿಳಿದಿದೆ. ಹಸಿರು ಹೆಗಲಿನ, ಗೀರುಗೀರಾದ, ತೆಳು ಸಿಪ್ಪೆಯ ಆ ಹಣ್ಣನ್ನು ನಮ್ಮ ಕಡೆ ಜವಾರಿ ಟಮಾಟಿ ಎನ್ನುತ್ತಾರೆ. ಮೆಕ್ಸಿಕೋದಿಂದ ಬಂದದ್ದು ಜವಾರಿಯಾಗಲು ನೂರು ವರ್ಷ ಸಾಕಾಯಿತು!

ಅದರ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಗಿಡದಲ್ಲೇ ಕಳಿಯಲು ಬಿಟ್ಟ ಒಂದೆರಡು ಹಣ್ಣನ್ನು ಹಿಂಡಿ, ಬೀಜಕ್ಕೆ ಒಲೆಯ ಬೂದಿ ಕಲಸಿ, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ ನಾಗೊಂದಿಗೆಯ ಮೇಲೆ ಇಟ್ಟವರ ಮನೆಯಲ್ಲಿ ಮಾತ್ರ ಅದು ಉಳಿದಿದೆ. ಅವ್ವ ಕೊನೆಯವರೆಗೂ ಇಟ್ಟಿದ್ದಳು. ಬೇಸಗೆಯ ಬಿಸಿಲಿಗೆ ಸಿಕ್ಕು ಬಲಿಯದೆ ಉಳಿದ, ಅಡೆಗೂ ಸಲ್ಲದ ಕಾಯಿಗಳು ಅವಳಲ್ಲಿ ವ್ಯರ್ಥವಾಗುತ್ತಿರಲಿಲ್ಲ. ಹೆಂಚಿನ ಮೇಲೆ ಎಣ್ಣೆ ಬಿಟ್ಟು ಬಾಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾ ಹಾಕಿ ಕುಟ್ಟಿದರೆ ಜೋಳದ ರೊಟ್ಟಿಗೆ ಚಟ್ನಿ. ಅದಕ್ಕೆ ಹಣ್ಣು ಬೇಕಾಗಿಯೂ ಇಲ್ಲ.